ಹನ್ನೆರಡು ಜನ, ಒಂದೇ ಕೋಣೆ

ಟಿ.ವಿ.ಯಿಂದ ಬಂದವರಿಗೆ ದೊಡ್ಡ ಪರದೆ ದಕ್ಕದು ಎನ್ನುವವರಿಗೆ ಸಿಡ್ನಿ ಲುಮೆಟ್ ಒಳ್ಳೆಯ ಉತ್ತರ. 1950ರ ದಶಕದಲ್ಲಿ ಅವರು ನ್ಯೂಯಾರ್ಕಿನ ಸಿಬಿಎಸ್‌ನಲ್ಲಿ ನೇರ ಪ್ರಸಾರದ ನಾಟಕಗಳನ್ನು ನಿರ್ದೇಶಿಸುತ್ತಿದ್ದರು. ಅಲ್ಲಿ ನಟ ಮಾತು ಮರೆತರೆ ಮರೆತದ್ದೇ, ತಿದ್ದುವುದೆಲ್ಲ ತಾಲೀಮಿನಲ್ಲೇ. 1957ರ ಮೊದಲ ಚಿತ್ರ ‘ಟ್ವೆಲ್ವ್ ಆಂಗ್ರಿ ಮೆನ್’ಗೂ ಅವರು ಎರಡು ವಾರ ತಾಲೀಮು ನಡೆಸಿದರು. ಚಿತ್ರೀಕರಣ ಸುಮಾರು ಮೂರೇ ವಾರದಲ್ಲಿ ಮುಗಿಯಿತು.

ಕಥೆಯೂ ರೆಜಿನಾಲ್ಡ್ ರೋಸ್ 1954ರಲ್ಲಿ ಟಿ.ವಿ.ಗೆ ಬರೆದದ್ದೇ. ಕೊಲೆ ಆರೋಪ ಹೊತ್ತ ಹುಡುಗನ ಜೀವ ಹನ್ನೆರಡು ಜ್ಯೂರಿಗಳ ಕೈಯಲ್ಲಿ. ಬಹುಪಾಲು ಒಂದೇ ಕೋಣೆ. ಅದನ್ನು ಸಿನಿಮಾ ಆಗಿಸಿದ್ದು ಕ್ಯಾಮೆರಾ. ಮೊದಲು ಕಣ್ಣಿನ ಮಟ್ಟಕ್ಕಿಂತ ಮೇಲಿದ್ದದ್ದು ಬರಬರುತ್ತ ಕೆಳಗಿಳಿಯುತ್ತದೆ, ಲೆನ್ಸ್‌ಗಳು ಉದ್ದವಾಗುತ್ತವೆ. ಗೋಡೆಗಳು ಒತ್ತಿ ಬಂದಂತೆ, ಕೊನೆಗೆ ಚಾವಣಿಯೂ ತಲೆಗೆ ತಾಗುವಂತೆ ಕಾಣುತ್ತದೆ.

ಗಳಿಕೆಯೇನೋ ನಿರಾಸೆ ತಂದಿತು. ಮೂರು ನಾಮನಿರ್ದೇಶನ ಸಿಕ್ಕರೂ ಆಸ್ಕರ್ ಒಂದೂ ಬರಲಿಲ್ಲ. ಅದೇ ವರ್ಷ ಬರ್ಲಿನ್ ಚಿತ್ರೋತ್ಸವ ಮಾತ್ರ ಚಿನ್ನದ ಕರಡಿ ಕೊಟ್ಟು ಕಳುಹಿಸಿತು.