ಒಂದು ಹಕ್ಕಿ ಹಲವಾದ ಬಗೆ

ಬಾಬಾಬುಡನ್‌ಗಿರಿಯ ಶೋಲಾದಲ್ಲಿ, ಅಂದರೆ ಎತ್ತರದ ಬೆಟ್ಟದ ತಂಪು ಕಾಡಿನಲ್ಲಿ, ನೆಲದ ಮೇಲೆ, ಪೊದೆಯ ಬುಡದಲ್ಲಿ ಹುಳ ಹೆಕ್ಕುವ ಪುಟ್ಟ ಹಕ್ಕಿಯೊಂದಿದೆ. ಬೆನ್ನು, ಎದೆ ಕಡುನೀಲಿ. ಪಕ್ಕೆಗೆ ಇಟ್ಟಿಗೆ ಬಣ್ಣ. ಹೆಸರು ನೀಲಗಿರಿ ನೀಲಿ ರಾಬಿನ್. ಪಾಲಕ್ಕಾಡ್ ಕಣಿವೆ ದಾಟಿ ಪಳನಿ, ಆನೆಮಲೆಗೆ ಹೋದರೆ ಹೆಚ್ಚುಕಡಿಮೆ ಅದೇ ಹಕ್ಕಿ, ಅದೇ ಸಂಕೋಚದ ಸ್ವಭಾವ. ಆದರೆ ಹೊಟ್ಟೆ ಬಿಳಿ, ಇಟ್ಟಿಗೆ ಬಣ್ಣದ ಸುಳಿವೇ ಇಲ್ಲ.

ಇವೆರಡಕ್ಕೂ ಪೂರ್ವಜ ಒಂದೇ. ಬೇರ್ಪಡಿಸಿದ್ದು ಸುಮಾರು 30 ಕಿಲೋಮೀಟರ್ ಅಗಲದ ಆ ಕಣಿವೆ. ತಂಪು ಬೆಟ್ಟದ ಈ ಹಕ್ಕಿಗೆ ಬಿಸಿ ಬಯಲೆಂದರೆ ಸಮುದ್ರವಿದ್ದಂತೆ. ತಂಪು ಯುಗಗಳಲ್ಲಿ ಕಾಡು ತಗ್ಗಿಗೂ ಇಳಿದು ದಾರಿ ತೆರೆದಿರಬಹುದು. ಬಿಸಿ ಏರಿದಾಗ ಎರಡೂ ಗುಂಪು ತಮ್ಮ ತಮ್ಮ ಶಿಖರಗಳಲ್ಲೇ ಉಳಿದವು.

ಪ್ರತಿ ತಲೆಮಾರಿನ ಡಿಎನ್ಎಯಲ್ಲೂ ಸಣ್ಣಪುಟ್ಟ ಬದಲಾವಣೆ ಆಗುತ್ತಲೇ ಇರುತ್ತದೆ. ಒಟ್ಟಿಗಿದ್ದು ಕೂಡುವ ಹಕ್ಕಿಗಳಲ್ಲಿ ಅವು ಎಲ್ಲರಿಗೂ ಹಂಚಿಹೋಗುತ್ತವೆ. ಬೇರೆಯಾದ ಮೇಲೆ ಇತ್ತಲಿನದು ಅತ್ತ ತಲುಪುವುದಿಲ್ಲ. ಕೆಲವು ಆಕಸ್ಮಿಕವಾಗಿ ಉಳಿಯುತ್ತವೆ, ಕೆಲವನ್ನು 1859ರಲ್ಲಿ ಡಾರ್ವಿನ್ ವಿವರಿಸಿದ ನಿಸರ್ಗದ ಆಯ್ಕೆ ಉಳಿಸುತ್ತದೆ. ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಹಾಡಿನ ಮಾತು. ಹಳೆಯ ಕಣಿವೆಗಳು ಬೇರ್ಪಡಿಸಿದ ಗುಂಪುಗಳ ಹಾಡೂ ಬೇರೆಯಾಗಿರುವುದು ಧ್ವನಿಮುದ್ರಣಗಳ ಹೋಲಿಕೆಯಲ್ಲಿ ಕಂಡಿದೆ. ಸಂಗಾತಿಯನ್ನು ಕರೆಯುವುದೇ ಹಾಡು. ಕರೆ ಪರಕೀಯವಾದರೆ ಮುಂದೆಂದಾದರೂ ಎದುರಾದರೂ ಅವು ಜೋಡಿಯಾಗದೆ ಹೋಗಬಹುದು. ಹೊಸ ಪ್ರಭೇದ ಗಟ್ಟಿಯಾಗುವುದು ಹೀಗೆ.

ಹಿಂದೆ ಈ ನೀಲಿ ರಾಬಿನ್ ಹಕ್ಕಿಗಳನ್ನು ಹಿಮಾಲಯದ ಕಡೆಯ ಶಾರ್ಟ್‌ವಿಂಗ್ ಹಕ್ಕಿಗಳ ಜೊತೆ ಸೇರಿಸಿದ್ದರು. 2017ರಲ್ಲಿ ವಿಜ್ಞಾನಿ ವಿ.ವಿ. ರಾಬಿನ್ ಮತ್ತು ಸಂಗಡಿಗರು ಡಿಎನ್ಎ, ಮೈಬಣ್ಣ, ಹಾಡು ಮೂರನ್ನೂ ಒರೆಗೆ ಹಚ್ಚಿ ಇವಕ್ಕೆ ಶೋಲಿಕೋಲಾ ಎಂಬ ಹೊಸ ಕುಲವನ್ನೇ ಕೊಟ್ಟರು. ಇನ್ನೂ ದಕ್ಷಿಣದ ಶೆಂಕೋಟ್ಟೈ ಕಣಿವೆಯಾಚೆ, ಅಶಂಬು ಬೆಟ್ಟಗಳಲ್ಲಿರುವುದು ಮೂರನೆಯ ಪ್ರಭೇದವೆಂದೂ ತೋರಿಸಿದರು. ಲಾಫಿಂಗ್‌ಥ್ರಶ್ ಹಕ್ಕಿಗಳದೂ ಇದೇ ಕಥೆ: ನೀಲಗಿರಿಯದು ಬೇರೆ, ಬಾಣಾಸುರ–ಬ್ರಹ್ಮಗಿರಿಯದು ಬೇರೆ.

ಈಗ ಚಹಾ ತೋಟ, ರಸ್ತೆ, ನೆಡುತೋಪುಗಳೂ ಶೋಲಾವನ್ನು ತುಂಡರಿಸುತ್ತಿವೆ. ಇದರಿಂದಲೂ ಹೊಸ ಪ್ರಭೇದ ಹುಟ್ಟೀತೆಂದು ನಂಬಲಾರೆ. ಅದಕ್ಕೆ ಸಾಮಾನ್ಯವಾಗಿ ಲಕ್ಷಾಂತರ ವರ್ಷ ಬೇಕು. ತುಂಡು ಕಾಡಿನ ಬೆರಳೆಣಿಕೆಯ ಹಕ್ಕಿಗಳಿಗೆ ಅಷ್ಟು ಕಾಲವಿಲ್ಲ. ನೀಲಗಿರಿ ನೀಲಿ ರಾಬಿನ್ ಆಗಲೇ ಅಳಿವಿನಂಚಿನ ಪಟ್ಟಿಯಲ್ಲಿದೆ. ಗಿರಿಗೆ ಚಾರಣ ಹೋಗುವವರು ಶೋಲಾದೊಳಗೆ ಸ್ಪೀಕರ್ ಹಾಕಬೇಡಿ, ಬೇಸಿಗೆಯಲ್ಲಿ ಬೆಂಕಿ ಹೊತ್ತಿಸಬೇಡಿ.