ಸಹಿ ಹಾಕಿಸುವ ಮುನ್ನ

ಪ್ರತಿ ಸೆಮಿಸ್ಟರಿನ ಆರಂಭದಲ್ಲೂ ಒಂದು ಶಾಸ್ತ್ರ ನಡೆಯುತ್ತದೆ. ಹುಡುಗರು ಫಾರಂ ಹಿಡಿದು ಅಡ್ವೈಸರ್ ಸಾಹೇಬರ ಕೋಣೆಗೆ ಹೋಗುತ್ತಾರೆ, ಅರ್ಧ ನಿಮಿಷದಲ್ಲಿ ಹೊರಗೆ ಬರುತ್ತಾರೆ. "ಏನಂದ್ರೋ?" ಅಂದರೆ, "ಸಹಿ ಹಾಕಿದ್ರು." (ಈಗ ಕೆಲವೆಡೆ ಫಾರಂ ಹೋಗಿ ಕಂಪ್ಯೂಟರ್ ಬಂದಿದೆ. ಸಹಿಯ ಬದಲು ಗುಂಡಿ ಒತ್ತುತ್ತಾರೆ, ಅಷ್ಟೇ.) ನನ್ನ ತಕರಾರು ಆ ಅರ್ಧ ನಿಮಿಷದ ಬಗ್ಗೆ.

ಮೊದಲು ಕ್ರೆಡಿಟ್ಟಿನ ಲೆಕ್ಕ. ವಾರಕ್ಕೆ ಒಂದು ಗಂಟೆಯ ಪಾಠ ಸೆಮಿಸ್ಟರ್ ಪೂರ್ತಿ ನಡೆದರೆ 1 ಕ್ರೆಡಿಟ್, ಟ್ಯುಟೋರಿಯಲ್ಲಿಗೂ ಹಾಗೇ. ಪ್ರಯೋಗಾಲಯದಲ್ಲಿ ಮಾತ್ರ ಎರಡು ಗಂಟೆ ನಿಂತರೆ 1. ಸಿಲಬಸ್ಸಿನಲ್ಲಿ 3-1-0 ಎಂದು ಕಾಣುವುದು ಇದೇ ಮೂರರ ಲೆಕ್ಕ, ಒಟ್ಟು 4. ಎ.ಐ.ಸಿ.ಟಿ.ಇ.ಯ 2018ರ ಮಾದರಿ ಪಠ್ಯಕ್ರಮ ಬಿ.ಟೆಕ್.ಗೆ ಇಟ್ಟದ್ದು 160 ಕ್ರೆಡಿಟ್, ಅಂದರೆ ಸೆಮಿಸ್ಟರಿಗೆ ಸರಾಸರಿ 20. ನಿಮ್ಮ ಕಾಲೇಜಿನ ಅಂಕಿ ಬೇರೆ ಇದ್ದೀತು, ನಿಯಮಾವಳಿ ತೆಗೆದು ನೋಡಿ.

ಕ್ರೆಡಿಟ್ ಕೂಡಿಸುವುದು ಕಿರಾಣಿ ಅಂಗಡಿಯ ಲೆಕ್ಕ, ಯಾರಿಗೂ ಬರುತ್ತದೆ. ಹುಡುಗರು ಎಡವುವುದು ಸರಪಳಿಯಲ್ಲಿ. ಎಲೆಕ್ಟ್ರಾನಿಕ್ಸ್‌ನವರದೇ ಉದಾಹರಣೆ ಕೊಡುತ್ತೇನೆ. ಲಾಪ್ಲಾಸ್, ಫೂರಿಯೇ ಕಲಿಸುವ ಗಣಿತ ಮೂರನೇ ಸೆಮಿಸ್ಟರಿನಲ್ಲಿದೆ ಅನ್ನಿ. ಅದರ ಮೇಲೆ ನಾಲ್ಕರಲ್ಲಿ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್, ಅದರ ಮೇಲೆ ಐದರಲ್ಲಿ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್. ಕೆಳಗಿನದು ಪಾಸಾಗದೆ ಮೇಲಿನದು ಸಿಗುವುದಿಲ್ಲ, ಮತ್ತು ಒಂದೊಂದನ್ನೂ ವರ್ಷಕ್ಕೊಮ್ಮೆ ಮಾತ್ರ ಕಲಿಸುತ್ತಾರೆ ಎಂಬ ನಿಯಮವಿದ್ದರೆ ಏನಾಗುತ್ತದೆ ನೋಡಿ. ಗಣಿತ ಹೋಯಿತೆಂದರೆ ಮತ್ತೆ ಸಿಗುವುದು ಐದರಲ್ಲಿ, ಸಿಗ್ನಲ್ಸ್ ಆರಕ್ಕೆ, ಪ್ರೊಸೆಸಿಂಗ್ ಏಳಕ್ಕೆ. ಅಲ್ಲೂ ಡುಮ್ಕಿ ಹೊಡೆದರೆ ಮುಂದಿನ ಅವಕಾಶ ಬರುವಷ್ಟರಲ್ಲಿ ನಾಲ್ಕು ವರ್ಷ ಮುಗಿದಿರುತ್ತದೆ. ನಮ್ಮ ಸಂಘದ ಹುಡುಗನೊಬ್ಬನಿಗೆ ಹೀಗೇ ಆಯಿತು. ಕೈಯಲ್ಲಿ ನೌಕರಿಯ ಪತ್ರ, ಬಾಕಿ ಬರೀ 4 ಕ್ರೆಡಿಟ್. ಕಂಪನಿಯವರು ಕಾಯಲಿಲ್ಲ. ಊರಲ್ಲಿ ಅಪ್ಪ ಬ್ಯಾಂಕಿನ ಸಾಲಕ್ಕೆ ಹೊಲದ ಪತ್ರ ಇಟ್ಟಿದ್ದರು.

ಆದ್ದರಿಂದ ನಾನು ಕಿರಿಯರಿಗೆ ಹೇಳುವುದು: ಒಂದು ಹಾಳೆಯಲ್ಲಿ ಎಂಟು ಮನೆ ಬರೆದು, ಎಂಟನೆಯದರಿಂದ ಹಿಂದಕ್ಕೆ ತುಂಬುತ್ತ ಬನ್ನಿ. ಕೊನೆಯಲ್ಲಿ ಏನು ಬೇಕೋ ಅದಕ್ಕೆ ಮೊದಲು ಏನು ಮುಗಿದಿರಬೇಕು, ಅದು ಯಾವ ಸೆಮಿಸ್ಟರಿನಲ್ಲಿ ಸಿಗುತ್ತದೆ ಎಂದು ಗುರುತು ಹಾಕಿ. ಬಾಕಿ ಉಳಿದ ವಿಷಯಕ್ಕೇ ಮೊದಲ ಜಾಗ. ಮೈನರ್, ಆನರ್ಸ್ ಎಲ್ಲ ಆಮೇಲೆ. ಆ ಮಾದರಿ ಪಠ್ಯಕ್ರಮದಲ್ಲಿ ಅವಕ್ಕೆ ಸುಮಾರು 20 ಕ್ರೆಡಿಟ್ ಹೆಚ್ಚಿಗೆ ಬೇಕು. ಗೆಳೆಯ ತಗೊಂಡ ಅಂತ ನೀವೂ ಹೊರೆ ಹೊರಬೇಡಿ.

ಇನ್ನು ಕೋಣೆಯೊಳಗಿನ ಮಾತು. ಕನ್ನಡ ಮಾಧ್ಯಮದಿಂದ ಈ ಮರಾಠಿ ಊರಿಗೆ ಬಂದ ನಮ್ಮವರಿಗೆ ಇಂಗ್ಲಿಷ್ ಅಂದರೆ ನಾಲಿಗೆ ಒಣಗುತ್ತದೆ; ತಲೆಯಾಡಿಸಿ ಬಂದುಬಿಡುತ್ತಾರೆ. "ಏನು ತಗೊಳ್ಳಲಿ ಸರ್" ಅಂದರೆ ಪಾಪ ಅವರಾದರೂ ಏನು ಹೇಳಿಯಾರು? ಹಾಳೆ ಮುಂದಿಟ್ಟು ಬೆರಳು ತೋರಿಸಿ: ಈ ವಿಷಯ ಬೇಸಿಗೆಯಲ್ಲಿ ನಡೆಯುತ್ತದೆಯೇ? ಇದರ ಬದಲು ಸ್ವಯಂನ ಕೋರ್ಸು ನಡೆದೀತೆ? ಉತ್ತರವನ್ನು ಬರೆದುಕೊಂಡು, ತಾರೀಖು ಹಾಕಿ, ಆಮೇಲೆ ಸಹಿಗೆ ಕೊಡಿ. ಇಂಗ್ಲಿಷ್ ತಡವರಿಸಿದರೆ ತಡವರಿಸಲಿ, ಹಾಳೆ ತಡವರಿಸುವುದಿಲ್ಲ. ಹಾಳೆ ಬರೆಯಲು ಜೊತೆಗೆ ಬೇಕಾದವರು ಭಾನುವಾರ ನನ್ನ ರೂಮಿಗೆ ಬನ್ನಿ. ಸಿಲಬಸ್ ಮಾತ್ರ ನಿಮ್ಮದೇ ತನ್ನಿ.