ಕದನ ವಿರಾಮದ ಲೆಕ್ಕ ಲಾರಿಯಲ್ಲಿ

ಗಾಜಾದಲ್ಲಿ ಕದನ ವಿರಾಮ ಅಂತ ಫೋನಿಗೆ ನೋಟಿಫಿಕೇಶನ್ ಬಂದಾಗ ನಮ್ಮ ಕಣ್ಣು ಮೊದಲು ಹೋಗೋದು ಫೋಟೊ ಕಡೆಗೆ. ಸಾಲು ಸಾಲು ಧ್ವಜ, ಕೈ ಕುಲುಕುವ ನಾಯಕರು. 2025ರ ಅಕ್ಟೋಬರ್ 13ರಂದು ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಿಂದ ಬಂದ ಫೋಟೊ ಕೂಡ ಹಾಗೇ ಇತ್ತು. ಅಮೆರಿಕ, ಈಜಿಪ್ಟ್, ಕತಾರ್, ಟರ್ಕಿ ಸಹಿ ಹಾಕಿದವು. ಎರಡು ವರ್ಷ ಯುದ್ಧ ಮಾಡಿದ ಇಸ್ರೇಲ್ ಮತ್ತು ಹಮಾಸ್ ಮಾತ್ರ ಆ ವೇದಿಕೆಯಲ್ಲಿ ಇರಲಿಲ್ಲ.

ಒಪ್ಪಂದದಲ್ಲಿ ಏನಿದೆ ಅಂತ ತಿಳಿಯಬೇಕಾದರೆ ಫೋಟೊ ಬಿಟ್ಟು ಒಂದು ಸಂಖ್ಯೆ ನೋಡಿ: ದಿನಕ್ಕೆ 600 ಲಾರಿ.

ಗಾಜಾದಲ್ಲಿ ಸುಮಾರು 21 ಲಕ್ಷ ಜನ. ಯುದ್ಧಕ್ಕೆ ಮೊದಲು ಅಲ್ಲಿಗೆ ದಿನಕ್ಕೆ ಸುಮಾರು 500 ಲಾರಿ ಸರಕು ಹೋಗುತ್ತಿತ್ತು. ಅದು ಅಲ್ಲೇ ಬೆಳೆ, ಬೇಕರಿ, ಮೀನುಗಾರಿಕೆ ಎಲ್ಲ ಇದ್ದ ಕಾಲ. 2025ರ ಜನವರಿಯ ಒಪ್ಪಂದದಲ್ಲೂ ಇದೇ 600 ಇತ್ತು, ಅದರಲ್ಲಿ 50 ಇಂಧನದ ಲಾರಿ. ಮೊದಲ ಹಂತ 42 ದಿನ. ಆ ಅವಧಿ ಮುಗಿದ ಮರುದಿನ, ಮಾರ್ಚ್ 2ಕ್ಕೆ, ಇಸ್ರೇಲ್ ಗೇಟು ಪೂರ್ತಿ ಮುಚ್ಚಿತು. ಬಾಂಬ್ ದಾಳಿ ಮತ್ತೆ ಶುರುವಾಗಿದ್ದು ಮಾರ್ಚ್ 18ಕ್ಕೆ. ಅಂದ್ರೆ ಕದನ ವಿರಾಮ ಮೊದಲು ಮುರಿದದ್ದು ಆಕಾಶದಲ್ಲಲ್ಲ, ಗೇಟಿನಲ್ಲಿ. ಸುಮಾರು 11 ವಾರ ಒಂದು ಚೀಲ ಹಿಟ್ಟೂ ಒಳಗೆ ಹೋಗಲಿಲ್ಲ. ಆಗಸ್ಟ್ 22ರಂದು, ಹಸಿವಿನ ಮಟ್ಟ ಅಳೆಯುವ ಅಂತಾರಾಷ್ಟ್ರೀಯ ವ್ಯವಸ್ಥೆ ಐಪಿಸಿ ಗಾಜಾ ನಗರದ ಪ್ರಾಂತ್ಯದಲ್ಲಿ ಕ್ಷಾಮ ಇದೆ ಎಂದು ಘೋಷಿಸಿತು. ಇಸ್ರೇಲ್ ಆ ವರದಿಯನ್ನು ತಿರಸ್ಕರಿಸಿತು.

ಈಗ ಗೇಟಿನ ಕೆಲಸ ಹೇಗೆ ನಡೆಯುತ್ತೆ ನೋಡಿ. ಸರಕು ಈಜಿಪ್ಟಿನ ಎಲ್ ಅರಿಶ್ ಊರಿನಲ್ಲಿ ಸೇರುತ್ತೆ. ಅಲ್ಲಿಂದ ರಫಾ ಕೇವಲ 45 ಕಿಲೋಮೀಟರ್‌ನಷ್ಟು ದೂರ. ಆದರೆ ಲಾರಿ ಸೀದಾ ಒಳಗೆ ಹೋಗೋ ಹಾಗಿಲ್ಲ. ಇಸ್ರೇಲ್ ಹಿಡಿತದ ಕೆರೆಮ್ ಶಾಲೋಮ್ ಗೇಟಿನಲ್ಲಿ ಸರಕು ಇಳಿಸಬೇಕು, ಸ್ಕ್ಯಾನ್ ಆಗಬೇಕು, ಆಮೇಲೆ ಗಾಜಾ ಕಡೆಯ ಲಾರಿಗೆ ಮತ್ತೆ ತುಂಬಬೇಕು. ಸೇನೆಗೂ ಬಳಕೆಯಾಗಬಹುದು ಅನ್ನಿಸಿದ ವಸ್ತು ವಾಪಸ್. ಜನರೇಟರ್, ನೀರು ಶುದ್ಧ ಮಾಡುವ ಸಲಕರಣೆ, ಲೋಹ ಅನ್ನೋ ಕಾರಣಕ್ಕೆ ಡೇರೆಯ ಕಂಬ ಕೂಡ ತಡೆಯಲ್ಪಟ್ಟಿದ್ದನ್ನು ನೆರವು ಸಂಸ್ಥೆಗಳು ಹೇಳಿವೆ. ಇವೆಲ್ಲ ಹಮಾಸ್ ಕೈ ಸೇರಬಾರದು ಅನ್ನೋದು ಇಸ್ರೇಲ್ ವಾದ. ಕಂಬವಿಲ್ಲದ ಡೇರೆ ಏನಕ್ಕೆ ಬರುತ್ತೆ ಅಂತ ಮಾತ್ರ ಕೇಳಬೇಡಿ.

ಇನ್ನು ಎಣಿಕೆಯದೇ ಒಂದು ಜಗಳ. ಇಸ್ರೇಲ್ ಸೇನೆಯ ಕೊಗಾಟ್ ವಿಭಾಗ ಗೇಟು ದಾಟಿದ ಲಾರಿಗಳನ್ನು ಎಣಿಸುತ್ತೆ, ವ್ಯಾಪಾರಿಗಳ ಸರಕನ್ನೂ ಸೇರಿಸಿ. ವಿಶ್ವಸಂಸ್ಥೆ ಎಣಿಸೋದು ತನ್ನ ಮತ್ತು ತನ್ನ ಜೊತೆಗಾರ ಸಂಸ್ಥೆಗಳ ಸರಕನ್ನು, ಅದೂ ಗೇಟಿನ ಆಚೆ ಬದಿಯಿಂದ ಎತ್ತಿಕೊಂಡ ಮೇಲೆ. ಹಾಗಾಗಿ ಒಂದೇ ದಿನಕ್ಕೆ ಎರಡು ಸಂಖ್ಯೆ. ಎತ್ತಿಕೊಂಡ ಮೇಲೂ ದಾರಿ ಸುಗಮ ಅಲ್ಲ. 2024ರ ನವೆಂಬರ್‌ನಲ್ಲಿ 109 ಲಾರಿಗಳ ಒಂದು ಸಾಲಿನಲ್ಲಿ 90ಕ್ಕೂ ಹೆಚ್ಚು ಲೂಟಿಯಾದವು. ಮುಂದಿನ ಸಲ ‘600 ಲಾರಿ ಹೋಯ್ತು’ ಅನ್ನೋ ಸುದ್ದಿ ಓದುವಾಗ, ಎಣಿಸಿದವರು ಯಾರು, ಎಲ್ಲಿ ನಿಂತು ಎಣಿಸಿದರು ಅಂತ ಹುಡುಕಿ.

ಗೇಟನ್ನು ತಪ್ಪಿಸಿ ಬೇರೆ ದಾರಿ ಹುಡುಕಿದ ಕಥೆಗಳೂ ಇವೆ. ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಊಟ ಎಸೆದರು. 2024ರ ಮೇ ತಿಂಗಳಲ್ಲಿ ಅಮೆರಿಕ ಸಮುದ್ರದಲ್ಲಿ ತೇಲುವ ಬಂದರು ಕಟ್ಟಿತು. ಅಂದಾಜು 23 ಕೋಟಿ ಡಾಲರ್ ಖರ್ಚು, ಕೆಲಸ ಮಾಡಿದ್ದು ಹೆಚ್ಚುಕಮ್ಮಿ 20 ದಿನ, ಜುಲೈನಲ್ಲಿ ಬಿಚ್ಚಿಟ್ಟರು. ಕೆಲವೇ ಕಿಲೋಮೀಟರ್ ದೂರದಲ್ಲಿ ರಸ್ತೆಗಳಿದ್ದವು. ತನ್ನ ಮಿತ್ರದೇಶಕ್ಕೆ ಗೇಟು ತೆಗೆ ಅನ್ನೋದಕ್ಕಿಂತ ಬಂದರು ಕಟ್ಟೋದು ಅಮೆರಿಕಕ್ಕೆ ಸುಲಭ ಅನ್ನಿಸಿತು ಅಂತಲೇ ನನ್ನ ಅನಿಸಿಕೆ. ಭದ್ರತಾ ಮಂಡಳಿಯ ದಾಖಲೆಯೂ ಅದನ್ನೇ ತೋರಿಸುತ್ತೆ. ಗಾಜಾ ಕುರಿತ ನಿರ್ಣಯಗಳಿಗೆ 2025ರ ಸೆಪ್ಟೆಂಬರ್ ಹೊತ್ತಿಗೆ ಅಮೆರಿಕ ಆರು ಸಲ ವೀಟೊ ಹಾಕಿತ್ತು. 2024ರ ಮಾರ್ಚ್ 25ರಂದು ತಟಸ್ಥವಾಗಿ ಉಳಿದು ಒಂದು ನಿರ್ಣಯ ಪಾಸಾಗಲು ಬಿಟ್ಟಿತು. ರಂಜಾನ್‌ಗಾದರೂ ಯುದ್ಧ ನಿಲ್ಲಲಿ ಅಂದಿತ್ತು ಆ ನಿರ್ಣಯ. ನಿಲ್ಲಲಿಲ್ಲ.

ಅಕ್ಟೋಬರ್ ಒಪ್ಪಂದದಿಂದ ಏನೂ ಆಗಲಿಲ್ಲ ಅನ್ನೋದು ಸರಿಯಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ಎಳೆದೊಯ್ದ 251 ಒತ್ತೆಯಾಳುಗಳಲ್ಲಿ ಬದುಕುಳಿದಿದ್ದ ಕೊನೆಯ 20 ಮಂದಿ ಮನೆಗೆ ಬಂದರು. ಸುಮಾರು 2,000 ಪ್ಯಾಲೆಸ್ಟೀನಿ ಕೈದಿಗಳು ಬಿಡುಗಡೆಯಾದರು. ನವೆಂಬರ್ 17ರಂದು ಭದ್ರತಾ ಮಂಡಳಿ 13 ಮತಗಳಿಂದ ಯೋಜನೆಗೆ ಒಪ್ಪಿಗೆ ಕೊಟ್ಟಿತು, ರಷ್ಯಾ ಮತ್ತು ಚೀನಾ ತಟಸ್ಥ. ಹಮಾಸ್ ಶಸ್ತ್ರ ಕೆಳಗಿಡುತ್ತಾ, ಅಂತಾರಾಷ್ಟ್ರೀಯ ಪಡೆಗೆ ಯಾವ ದೇಶ ಸೈನಿಕರನ್ನು ಕಳಿಸುತ್ತೆ, ಪ್ಯಾಲೆಸ್ಟೀನ್ ದೇಶ ಯಾವಾಗ ಅನ್ನೋ ದೊಡ್ಡ ಪ್ರಶ್ನೆಗಳನ್ನು ಆಗ ಮುಂದಿನ ಹಂತಕ್ಕೆ ದೂಡಲಾಯಿತು.

ಭಾರತ 1988ರಲ್ಲೇ ಪ್ಯಾಲೆಸ್ಟೀನನ್ನು ಮಾನ್ಯ ಮಾಡಿದ ದೇಶ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಲ್ಲಿಗೆ ಬಂದಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಆದರೂ ನಮ್ಮ ಮತ ಅತ್ತಿತ್ತ ವಾಲುತ್ತಿರುತ್ತೆ. ಮಹಾಸಭೆಯಲ್ಲಿ 2023ರ ಡಿಸೆಂಬರ್‌ನಲ್ಲಿ ಕದನ ವಿರಾಮದ ಪರ, 2025ರ ಜೂನ್‌ನಲ್ಲಿ ತಟಸ್ಥ, ಸೆಪ್ಟೆಂಬರ್‌ನಲ್ಲಿ ಎರಡು ರಾಷ್ಟ್ರಗಳ ಪರಿಹಾರದ ಪರ.

ಹಣದ ವಿಷಯದಲ್ಲಿ ಮಾತ್ರ ಅಷ್ಟು ಗೊಂದಲ ಇಲ್ಲ. ಪ್ಯಾಲೆಸ್ಟೀನಿ ನಿರಾಶ್ರಿತರಿಗಾಗಿ ಇರುವ ವಿಶ್ವಸಂಸ್ಥೆಯ ಯುಎನ್‌ಆರ್‌ಡಬ್ಲ್ಯುಎ ಸಂಸ್ಥೆಗೆ ಭಾರತ ವರ್ಷಕ್ಕೆ 50 ಲಕ್ಷ ಡಾಲರ್ ಕೊಡುತ್ತಾ ಬಂದಿದೆ. ಅದೇ ಸಂಸ್ಥೆಯೊಳಗೆ ಹಮಾಸ್ ನುಸುಳಿದೆ ಅಂತ ಇಸ್ರೇಲ್ ಅದರ ಜೊತೆಗಿನ ವ್ಯವಹಾರವನ್ನೇ ಕಾನೂನು ಮಾಡಿ ನಿಲ್ಲಿಸಿದೆ. 2025ರ ಅಕ್ಟೋಬರ್ 22ರಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ, ಈ ಸಂಸ್ಥೆಯ ನೆರವನ್ನೂ ಇಸ್ರೇಲ್ ಒಳಗೆ ಬಿಡಬೇಕು ಎಂಬ ಅಭಿಪ್ರಾಯ ಕೊಟ್ಟಿತು. ಆ ಅಭಿಪ್ರಾಯವನ್ನು ಜಾರಿ ಮಾಡಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ. ಆಗ ಈಜಿಪ್ಟ್ ಮತ್ತು ಜೋರ್ಡಾನ್ ಗೋದಾಮುಗಳಲ್ಲಿ, ಆ ಸಂಸ್ಥೆಯೇ ಹೇಳಿದ ಪ್ರಕಾರ, ಅದರ 6,000 ಲಾರಿಗಳಷ್ಟು ಸರಕು ಗೇಟು ತೆಗೆಯುವುದನ್ನು ಕಾಯುತ್ತಿತ್ತು.